ಹನ್ನೆರಡು ಸಾವಿರ ಸಲ ನೀರಿಗೆ ಬಿದ್ದ ಶ್ಯಾಮಣ್ಣ

ಬೆಳಗಿನ ಐದೂ ಮುಕ್ಕಾಲು. ಹೊಸೂರಿನಿಂದ ಕೃಷ್ಣಗಿರಿಗೆ ಹೋಗುವ ಹೆದ್ದಾರಿಯಲ್ಲಿ ಲಾರಿಗಳು ಇನ್ನೂ ದೀಪ ಹಾಕಿಕೊಂಡೇ ಓಡುತ್ತಿವೆ. ಹೆದ್ದಾರಿ ಪಕ್ಕದ ಮನರಂಜನಾ ಪಾರ್ಕಿನ ದೊಡ್ಡ ಕೊಳದ ಬಳಿ ಶ್ಯಾಮಣ್ಣ ಚಪ್ಪಲಿ ಬಿಡುತ್ತಾರೆ, ಖಾಕಿ ಪ್ಯಾಂಟನ್ನು ಮೊಣಕಾಲವರೆಗೆ ಮಡಚುತ್ತಾರೆ, ಉದ್ದ ಕೋಲಿನ ಬಲೆಯನ್ನು ನೀರಿಗೆ ಇಳಿಬಿಡುತ್ತಾರೆ. ಒಣಗಿದ ಎಲೆ, ಕೂದಲಿನ ಕ್ಲಿಪ್ಪು, ಐಸ್‌ಕ್ರೀಮ್ ಕಡ್ಡಿ, ನಿನ್ನೆ ಯಾವುದೋ ಮಗುವಿನ ಕಾಲಿನಿಂದ ಕಳಚಿದ ಒಂಟಿ ಕಾಲುಚೀಲ. ಒಂದೊಂದನ್ನೂ ಬಕೆಟ್ಟಿಗೆ ಕೊಡವಿ ಮುಂದಕ್ಕೆ ಸರಿಯುತ್ತಾರೆ. ಒಂಬತ್ತಕ್ಕೆ ಗೇಟು ತೆಗೆಯುವ ಮೊದಲು ಮೂರು ಕೊಳ ಮುಗಿಯಬೇಕು. ಸಾಧಾರಣ ದಿನ ಎರಡು ಬಕೆಟ್ ಕಸ ಸಿಗುತ್ತದೆ, ಸೋಮವಾರ ಐದು.

ನಾನು ಬಂದದ್ದು ಇವರನ್ನು ಹುಡುಕಿಕೊಂಡಲ್ಲ. ಹಿಂದೆ ಈ ಪಾರ್ಕಿನಲ್ಲಿ ದಿನಕ್ಕೆ ಮೂರು ಸಲ ನಡೆಯುತ್ತಿದ್ದ ಹಾಸ್ಯ ಪ್ರದರ್ಶನದ ಬಗ್ಗೆ ಬರೆಯಲು ಬಂದವಳು. ಅದನ್ನು ನಡೆಸಿಕೊಡುತ್ತಿದ್ದ ಉಮಾಶಂಕರ್ ಈಗ ಟಿವಿಯಲ್ಲಿ ತೀರ್ಪುಗಾರರ ಕುರ್ಚಿಯಲ್ಲಿ ಕೂತು ಬೇರೆಯವರ ಹಾಸ್ಯಕ್ಕೆ ಅಂಕ ಕೊಡುತ್ತಾರೆ. ಅವರು ಫೋನಿನಲ್ಲಿ ಅರ್ಧ ಗಂಟೆ ಸೊಗಸಾಗಿ ಮಾತಾಡಿದ್ದರು. ಇನ್ನುಳಿದದ್ದು ಹಳೆಯ ರಂಗವನ್ನು ಒಮ್ಮೆ ಕಣ್ಣಾರೆ ನೋಡುವುದು. ಅದೀಗ ಗಾಳಿ ತುಂಬಿದ ರಬ್ಬರ್ ಟ್ಯೂಬುಗಳ ಗೋದಾಮು. ಬೀಗದ ಕೈ ಶ್ಯಾಮಣ್ಣನವರ ಬಳಿ ಇರುತ್ತದೆ ಎಂದು ಕಾವಲುಗಾರ ಹೇಳಿದ.

ಬೀಗ ತೆಗೆಯುತ್ತಿದ್ದವರಿಗೆ ನಾನು ಸುಮ್ಮನಿರಲಾರದೆ ಹೇಳಿದೆ: ಚಿಕ್ಕವಳಿದ್ದಾಗ ಇಲ್ಲಿ ಆ ಪ್ರದರ್ಶನ ನೋಡಿದ್ದೇನೆ, ನೋಡಲು ಬಂದಿದ್ದ ಪಾಪದ ಮುದುಕರೊಬ್ಬರು ಕೋಸಿನ ಚೀಲದ ಸಮೇತ ನೀರಿನ ತೊಟ್ಟಿಗೆ ಬಿದ್ದಿದ್ದರು. ಶ್ಯಾಮಣ್ಣ ಬೀಗ ಹಿಡಿದುಕೊಂಡೇ ತಿರುಗಿದರು.

"ಕೋಸು ಮೊದ್ಲು ತೇಲ್ತಾ, ಮುದುಕ ಮೊದ್ಲು ತೇಲಿದ್ನಾ?"

ಕೋಸು ಎಂದೆ.

"ಅಂಗಾದ್ರೆ ಆವತ್ತು ಸರಿಯಾಗೇ ಮಾಡಿದ್ದೀನಿ. ಆಮ್ಯಾಲೆ, ನಂಗಾಗ ಮೂವತ್ತೆಂಟು ಕಣಮ್ಮ. ಮುದುಕ ಅಲ್ಲ."

ಇಪ್ಪತ್ತು ವರ್ಷ ನಾನು ನಿಜವೆಂದೇ ನಂಬಿ, ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದ ಘಟನೆ ಹೀಗೆ ಒಂದು ನಿಮಿಷದಲ್ಲಿ ನಾಟಕವಾಯಿತು. ಜನರ ನಡುವೆ ಕೂತಿದ್ದ ಆ 'ಪಾಪದ ಮುದುಕ' ಪಾರ್ಕಿನ ಸಂಬಳದವರು. ಅವರ ಕೆಲಸವೇ ಯಾರಿಗೂ ಗುರುತು ಸಿಗದಂತೆ ಇರುವುದು, ಎಲ್ಲರೆದುರು ನೀರಿಗೆ ಬೀಳುವುದು.

ಪ್ರದರ್ಶನ ನಡೆಯುತ್ತಿದ್ದದ್ದು ಹೀಗೆ. ಬೆಂಗಳೂರು, ಕೃಷ್ಣಗಿರಿ, ಕುಪ್ಪಂ ಎಲ್ಲ ಕಡೆಯವರೂ ಕೂತಿರುತ್ತಾರೆ. ಉಮಾಶಂಕರ್ ತೊಟ್ಟಿಯ ಮೇಲಿನ ಕಿರಿದಾದ ಹಲಗೆ ತೋರಿಸಿ, ಇದನ್ನು ದಾಟಲು ಯಾರು ಬರುತ್ತೀರಿ ಎಂದು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಕೂಗುತ್ತಾರೆ. ನೂರು ಕೈ ಏಳುತ್ತವೆ. ಅವರು ಮಾತ್ರ ಕೈ ಎತ್ತದ ಒಬ್ಬನ ಹತ್ತಿರ ಹೋಗುತ್ತಾರೆ. ನಾಲ್ಕನೇ ಸಾಲಿನಲ್ಲಿ ಓಡಾಡುವ ಓಣಿಯ ಪಕ್ಕದ ಕುರ್ಚಿ, ಮಾಸಿದ ಪಂಚೆ, ನಾಲ್ಕು ದಿನದ ಗಡ್ಡ, ತೊಡೆಯ ಮೇಲೆ ತರಕಾರಿ ಚೀಲ. ಆ ಮನುಷ್ಯ ಬಸ್ಸಿಗೆ ಹೊತ್ತಾಗುತ್ತದೆ, ಬಿಟ್ಟುಬಿಡಿ ಎಂದು ಮೂರು ಭಾಷೆಯಲ್ಲೂ ಗೋಗರೆಯುತ್ತಾನೆ. ಎಳೆದಾಡಿ ಹಲಗೆ ಹತ್ತಿಸುತ್ತಾರೆ. ನಡುವೆ ಬಂದಾಗ ಉಮಾಶಂಕರ್ ಸಹಾಯ ಮಾಡುವವರಂತೆ ಕೈ ಚಾಚಿ, ಒಂದು ಬೆರಳಿನಿಂದ ತಳ್ಳುತ್ತಾರೆ.

ಶ್ಯಾಮಣ್ಣನವರ ಊರು ಡೆಂಕಣಿಕೋಟೆಯ ಹತ್ತಿರ. ರಾಗಿ, ಕೋಸು ಬೆಳೆಯುವ ಎರಡು ಎಕರೆ. ಆನೆ ಬಂದ ವರ್ಷ ಬೆಳೆ ಆನೆಯದು, ಬಾರದ ವರ್ಷ ಇವರದು. ಪಾರ್ಕು ಕಟ್ಟುವಾಗ ಗಿಡ ನೆಡಲು ಸೇರಿಕೊಂಡರು. ಮೊದಮೊದಲು ನಿಜವಾದ ಪ್ರೇಕ್ಷಕರನ್ನೇ ಹಲಗೆ ಹತ್ತಿಸುತ್ತಿದ್ದರಂತೆ. ಒಬ್ಬರಿಗೆ ಹಲ್ಲು ಮುರಿದ ಮೇಲೆ, ನಮ್ಮವನೇ ಒಬ್ಬನಿರಲಿ ಎಂದು ಮ್ಯಾನೇಜರು ತೀರ್ಮಾನಿಸಿದರು. ಉಮಾಶಂಕರ್ ಹುಲ್ಲು ಕೀಳುತ್ತಿದ್ದ ಶ್ಯಾಮಣ್ಣನವರ ಕಡೆ ಬೆರಳು ತೋರಿಸಿದರು.

"ಇವನ ಮುಖ ನೋಡಿದ್ರೆ ಯಾರ್ಗೂ ಡೌಟೇ ಬರಲ್ಲ ಅಂದ. ಅದು ಹೊಗಳಿದ್ದೋ ಬೈದಿದ್ದೋ ಇವತ್ತಿಗೂ ನಂಗೊತ್ತಾಗಿಲ್ಲ."

ಲೆಕ್ಕ ಅವರ ಬಾಯಲ್ಲೇ ಇದೆ. ದಿನಕ್ಕೆ ಮೂರು, ಭಾನುವಾರ ನಾಲ್ಕು, ವಾರಕ್ಕೆ ಇಪ್ಪತ್ತೆರಡು. ಹನ್ನೊಂದು ವರ್ಷ. ಜ್ವರ, ಹಬ್ಬ, ಮದುವೆ ಮನೆಗಳಿಗೆಂದು ತಪ್ಪಿದ್ದನ್ನು ಕಳೆದರೂ ಹನ್ನೆರಡು ಸಾವಿರಕ್ಕೆ ಕಮ್ಮಿಯಿಲ್ಲ. ಪ್ರತಿ ಸಲವೂ ಬಲಕ್ಕೇ ಬೀಳಬೇಕು, ಎಡಕ್ಕೆ ಪಂಪಿನ ಪೈಪು. ಹಾಗಾಗಿ ಬಲಗಿವಿ ಪೂರ್ತಿ ಮಂದವಾಗಿದೆ. ಮಾತಾಡುವವರು ಎಡಕ್ಕೆ ನಿಲ್ಲಬೇಕು. ಧನುರ್ಮಾಸದ ಚಳಿಯಲ್ಲಿ ಬೆಳಗಿನ ಪ್ರದರ್ಶನಕ್ಕೆ ಬಿದ್ದರೆ ಮಧ್ಯಾಹ್ನದ ಪ್ರದರ್ಶನದವರೆಗೂ ಹಲ್ಲು ಕಟಕಟ ಎನ್ನುತ್ತಿದ್ದವಂತೆ.

ಕೋಸಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಶ್ಯಾಮಣ್ಣ ಯಾವ ಮಾತು ಶುರು ಮಾಡಿದರೂ ಅಲ್ಲಿಗೇ ಬರುತ್ತಾರೆ. ಮೊದಲು ಚೀಲದಲ್ಲಿ ಹುಲ್ಲು ತುಂಬಿರುತ್ತಿತ್ತು. ಒಂದು ದಿನ ಪಾರ್ಕಿನ ಅಡುಗೆಯವರಿಗೆಂದು ಹೊಲದಿಂದ ಕೋಸು ತಂದಿದ್ದರು, ಚೀಲ ಬದಲಿಸಲು ಹೊತ್ತು ಸಿಗಲಿಲ್ಲ. ಬಿದ್ದರು. ಪಂಚೆಯ ತುದಿ ಎಡಗಡೆಯ ಆ ಪೈಪಿಗೆ ಸಿಕ್ಕಿಕೊಂಡು ಮೇಲೇಳಲು ತಡವಾಯಿತು. ಮೇಲೆ ಜನರೆಲ್ಲ ಗಪ್‌ಚುಪ್. ಆಗ ಮೊದಲು ಒಂದು ಕೋಸು ಬುಳಕ್ಕನೆ ತೇಲಿ ಬಂತು. ನೀರಿನ ಅಡಿಯಲ್ಲಿದ್ದವರಿಗೂ ಕೇಳುವಷ್ಟು ಜನ ನಕ್ಕರಂತೆ. ಮಾರನೆಯ ದಿನದಿಂದ ಶ್ಯಾಮಣ್ಣ ತಾವಾಗಿಯೇ ಕೋಸು ತಂದರು, ಅಡಿಯಲ್ಲಿ ಏಳು ಎಣಿಸಿದರು.

"ಐದಕ್ಕೆ ಎದ್ರೆ ಜನ ಹೆದ್ರಿರಲ್ಲ. ಒಂಬತ್ತಾದ್ರೆ ಹೆಂಗಸ್ರು ಅಳಕ್ಕೆ ಶುರು ಮಾಡ್ತಾರೆ. ಏಳೇ ಸರಿ. ಆ ಏಳು ನಂದು ಕಣಮ್ಮ. ಕೋಸೂ ನಂದೇ, ನನ್ ಹೊಲದ್ದು."

ನನ್ನ ಚೀಲದಲ್ಲಿದ್ದ ಟಿಪ್ಪಣಿ ಪುಸ್ತಕ ಆ ಹೊತ್ತಿಗೆ ಭಾರವೆನಿಸಿತು. ಅದರಲ್ಲಿ ಉಮಾಶಂಕರ್ ಹೇಳಿದ ಮಾತಿದೆ: ಒಂದು ಸಂಜೆ ಮಾರುಕಟ್ಟೆಯಲ್ಲಿ ಕೋಸು ನೋಡಿ ಅವರಿಗೆ ಆ ಉಪಾಯ ಹೊಳೆಯಿತಂತೆ. ನಾನು ಅದನ್ನು ಓದಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅದೇ ಮಾತನ್ನು ಅವರು ಟಿವಿಯಲ್ಲಿ ಮೂರು ಸಲ ಹೇಳಿದ್ದಾರೆ, ಮೂರು ಸಲವೂ ಶ್ಯಾಮಣ್ಣ ಕೇಳಿದ್ದಾರೆ.

ಹೊಟ್ಟೆಕಿಚ್ಚನ್ನು ಶ್ಯಾಮಣ್ಣ ಮುಚ್ಚಿಡುವುದಿಲ್ಲ. ಗುಟ್ಟು ಒಡೆಯಬಾರದೆಂದು ಅವರು ಟಿಕೆಟ್ ಹಿಡಿದು ಪ್ರೇಕ್ಷಕರ ಗೇಟಿನಲ್ಲೇ ಬರಬೇಕಿತ್ತು, ಕೆಲಸದವರ ಜೊತೆ ಉಣ್ಣುವಂತಿರಲಿಲ್ಲ. ಬಿದ್ದೆದ್ದ ಮೇಲೆ ಗೊಣಗುತ್ತಾ ಹೊರಗೆ ಹೋಗಿ, ಹಿಂದಿನಿಂದ ಪಂಪ್ ರೂಮಿಗೆ ಬಂದು ಪಂಚೆ ಹಿಂಡಬೇಕು. ಆಗ ರಂಗದ ಮೇಲೆ ಉಮಾಶಂಕರ್ ತಲೆ ಬಾಗಿಸಿ ನಮಸ್ಕಾರ ಮಾಡುತ್ತಿರುತ್ತಾರೆ. "ಚಪ್ಪಾಳೆ ಪಂಪ್ ರೂಮಿಗೂ ಕೇಳ್ತಿತ್ತು. ಅದೊಂದು ಕೇಳಿಸ್ದೆ ಇದ್ದಿದ್ರೆ ಚೆನ್ನಾಗಿತ್ತು." ಕರಡಿ ವೇಷ ಹಾಕುತ್ತಿದ್ದವನ ಮೇಲೂ ಅವರಿಗೆ ಕರುಬು, ಮಕ್ಕಳು ಅವನ ಜೊತೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಕೊನೆಕೊನೆಗೆ ಕೋಸಿನ ಮೇಲೂ. ಅದು ತೇಲಿದಾಗ ಬೀಳುತ್ತಿದ್ದಷ್ಟು ಚಪ್ಪಾಳೆ ಇವರು ತೇಲಿದಾಗ ಬೀಳುತ್ತಿರಲಿಲ್ಲ.

ಅವರ ಜೀವನದ ಅತಿ ಸಂತೋಷದ ದಿನ ಯಾವುದೆಂದು ಕೇಳಿದೆ. ಯೋಚಿಸಲೇ ಇಲ್ಲ. ರೇಷ್ಮೆ ಸೀರೆ ಉಟ್ಟ ಹೆಂಗಸೊಬ್ಬರು ರಂಗಕ್ಕೇ ನುಗ್ಗಿ, ಬಡವನನ್ನು ನೀರಿಗೆ ತಳ್ಳುತ್ತೀಯಲ್ಲ, ನಿನ್ನ ಅಪ್ಪನಾಗಿದ್ದರೆ ತಳ್ಳುತ್ತಿದ್ದೆಯಾ ಎಂದು ಉಮಾಶಂಕರರನ್ನು ತಮಿಳಿನಲ್ಲಿ ಕಾಲು ಗಂಟೆ ಬೈದ ದಿನ. ಜನರೂ ಆಕೆಯ ಜೊತೆ ಸೇರಿಕೊಂಡರಂತೆ. ಆವತ್ತು ಇವರು ಒಂದು ಮುದ್ದೆ ಹೆಚ್ಚಿಗೆ ಉಂಡರು ಎಂದು ಸಾಕ್ಷಿ ಹೇಳಿದವರು ಹೆಂಡತಿ ಬೈರಮ್ಮ.

ಬೈರಮ್ಮನನ್ನು ಕಂಡದ್ದು ಅದೇ ಮಧ್ಯಾಹ್ನ, ಅವರ ಮನೆಯಲ್ಲಿ. ಪ್ರದರ್ಶನ ನಿಂತು ಹನ್ನೆರಡು ಹದಿಮೂರು ವರ್ಷವಾಯಿತು. ಕಪ್ಪು ಕನ್ನಡಕ ಹಾಕಿಕೊಂಡು ನೋಡುವ ದೊಡ್ಡ ಪರದೆ ಬಂತು, ಉಮಾಶಂಕರ್ ಬೆಂಗಳೂರಿಗೆ ಹೋದರು, ಶ್ಯಾಮಣ್ಣನವರ ಕೈಗೆ ಬಲೆ ಬಂತು. ಈಗ ಮನೆಯಲ್ಲಿ ಶನಿವಾರದ ಸಂಜೆಯ ಜಗಳ ಒಂದೇ. ಉಮಾಶಂಕರ್ ಟಿವಿಯಲ್ಲಿ ಕಾಣಿಸುತ್ತಲೇ ಇವರು ಆರಿಸುತ್ತಾರೆ, ಆಕೆ ಮತ್ತೆ ಹಾಕುತ್ತಾರೆ. "ಅವ್ನು ಚೆನ್ನಾಗಿ ನಗಿಸ್ತಾನೆ, ನಾನೇನ್ ಮಾಡ್ಲಿ?" ಎನ್ನುತ್ತಾರೆ ಬೈರಮ್ಮ, ಗಂಡನ ಎಡಗಿವಿಗೇ ಕೇಳುವಂತೆ.

ಹೊರಡುವಾಗ ಶ್ಯಾಮಣ್ಣ ಬಸ್‌ಸ್ಟಾಪಿನವರೆಗೂ ಬಂದರು. ಬಸ್ಸು ಕಾಣಿಸಿದಾಗ ಕೇಳಿಯೇಬಿಟ್ಟರು: ನೀವು ಉಮಾಶಂಕರ್ ಹತ್ತಿರ ಇನ್ನೊಮ್ಮೆ ಮಾತಾಡುತ್ತೀರಲ್ಲ, ನನ್ನ ವಿಷಯ ಎತ್ತಿ ನೋಡಿ, ಏನಂತಾನೆ ನೋಡೋಣ. ಕೋಸು ನನ್ನದೆಂದು ಅವನು ಒಪ್ಪದಿದ್ದರೂ ಆದೀತು, ಹೆಸರು ಹೇಳಿದರೆ ಸಾಕು.

ಫೋನು ಮಾಡಿದೆ. ಉಮಾಶಂಕರ್ ಕೆಟ್ಟವರಲ್ಲ, ಇದನ್ನು ಬರೆಯಲೇಬೇಕು. ನಿಜವಾಗಿಯೂ ನೆನಪು ಮಾಡಿಕೊಳ್ಳಲು ಹೆಣಗಿದರು. "ಲೋಕಲ್ ಒಬ್ರಿದ್ರು ಮೇಡಂ. ಪಾಪ, ತುಂಬ ಒಳ್ಳೇವ್ರು, ಒಂದಿನಾನೂ ಲೇಟಾಗಿ ಬಂದೋರಲ್ಲ. ಹೆಸ್ರು ನಾಲಿಗೆ ತುದೀಲೇ ಇದೆ." ನಾಲಿಗೆ ತುದಿಯಿಂದ ಅದು ಕೆಳಗಿಳಿಯಲಿಲ್ಲ. ನಾನೇ ಹೇಳಿದೆ. ಹೌದು ಹೌದು, ಅವರೇ ಇರಬೇಕು ಎಂದರು.

ಮುಂದಿನ ವಾರ ಮತ್ತೆ ಅದೇ ಐದೂ ಮುಕ್ಕಾಲಿಗೆ ಕೊಳದ ದಂಡೆಯಲ್ಲಿ ನಿಂತಿದ್ದೇನೆ. ಶ್ಯಾಮಣ್ಣ ಇಂದು ಗಡ್ಡ ಹೆರೆದುಕೊಂಡು ಬಂದಿದ್ದಾರೆ. ಸುಳ್ಳು ಹೇಳಲು ನನಗೆ ಬಾಯಿ ಬರುವುದಿಲ್ಲ. ನಿಮ್ಮ ಹೆಸರು ಉಮಾಶಂಕರರಿಗೆ ನೆನಪಾಗಲಿಲ್ಲ ಎನ್ನುತ್ತೇನೆ. ಅವರು ತಲೆಯಾಡಿಸಿ ಬಲೆಯನ್ನು ನೀರಿಗೆ ಬಿಡುತ್ತಾರೆ. ಒಂದೇ ಜಾಗದಲ್ಲಿ ಮೂರು ಸಲ ಎಳೆಯುತ್ತಾರೆ. ಅಲ್ಲಿ ಒಂದು ಎಲೆಯೂ ಇಲ್ಲ. ಹನ್ನೆರಡು ಸಾವಿರ ಸಲ ತಳ್ಳಿದ ಬೆರಳಿಗೆ ತಳ್ಳಿಸಿಕೊಂಡವನ ಹೆಸರು ಮರೆತುಹೋಗಿದೆ, ಅದಕ್ಕೆ ಏನು ಸಮಾಧಾನ ಹೇಳಲಿ?

ನನ್ನ ಬಳಿ ಇನ್ನೊಂದು ನಿಜವಿದೆ. ಯಾರಿಗೂ ಹೇಳದೆ ಇಟ್ಟುಕೊಂಡಿದ್ದದ್ದು, ಸ್ವಲ್ಪ ನಾಚಿಕೆಯದು. ಅದನ್ನೇ ಹೇಳುತ್ತೇನೆ. ನಾನಾಗ ಐದನೇ ಕ್ಲಾಸು. ಬೇರಿಕೆಯ ನಮ್ಮ ಶಾಲೆಯಿಂದ ಒಂದು ಬಸ್ಸು ತುಂಬ ಕರೆತಂದಿದ್ದರು. ನನ್ನದು ನಾಲ್ಕನೇ ಸಾಲು, ಓಣಿಯಿಂದ ಎರಡನೇ ಕುರ್ಚಿ. ಯಾರು ಬರುತ್ತೀರಿ ಎಂದಾಗ ನಾನು ಎರಡೂ ಕೈ ಎತ್ತಿದೆ. ಹೆಣ್ಣುಮಕ್ಕಳು ಕೂತುಕೊಳ್ಳಿ ಎಂದು ಟೀಚರ್ ಕೈ ಇಳಿಸಿದರು. ಉಮಾಶಂಕರ್ ನೇರ ನನ್ನ ಕಡೆಗೇ ಬಂದರು, ಆದರೆ ಕರೆದದ್ದು ಪಕ್ಕದ ಕುರ್ಚಿಯವರನ್ನು. ನಾನು ಬೇಡಿಬೇಡಿ ಕೇಳಿದ್ದು, ಬೇಡ ಬೇಡ ಎನ್ನುತ್ತಿದ್ದವರಿಗೆ ಸಿಕ್ಕಿತು. ಇಡೀ ಶಾಲೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನು ನಗಲಿಲ್ಲ. ಬೇರಿಕೆ ತಲುಪುವವರೆಗೂ ಯಾರ ಜೊತೆಯೂ ಮಾತಾಡಲಿಲ್ಲ. ಮನೆಯಲ್ಲಿ ಒಂದು ವರ್ಷ ಕೋಸಿನ ಪಲ್ಯದ ತಟ್ಟೆ ದೂಡಿದೆ. ಅಷ್ಟು ಹೊಟ್ಟೆಕಿಚ್ಚು.

ಶ್ಯಾಮಣ್ಣ ಬಲೆಯನ್ನು ದಂಡೆಗೆ ಒರಗಿಸುತ್ತಾರೆ. ನನ್ನ ಎಡಕ್ಕೆ ನಿಂತಿದ್ದವರು ಸುತ್ತಿಕೊಂಡು ಬಂದು ಎಡಗಿವಿಯನ್ನು ನನ್ನ ಕಡೆ ಮಾಡುತ್ತಾರೆ.

"ಇನ್ನೊಂದ್ಸಲ ಹೇಳಮ್ಮ, ಈ ಕಿವಿಗೆ. ಯಾರ ಮ್ಯಾಗೆ? ಉಮಾಶಂಕರ್ ಮ್ಯಾಗಾ?"

ಅಲ್ಲ, ನಿಮ್ಮ ಮೇಲೆ ಎನ್ನುತ್ತೇನೆ.

"ಕೋಸಿನ ಮ್ಯಾಗಲ್ಲ ತಾನೆ?"

ನಿಮ್ಮ ಮೇಲೆಯೇ, ಶ್ಯಾಮಣ್ಣ.

ಅವರು ಸ್ವಲ್ಪ ಹೊತ್ತು ನೀರನ್ನೇ ನೋಡುತ್ತಾರೆ. ಏಳು ಎಣಿಸುತ್ತಿದ್ದಾರೆಂದು ನನಗನ್ನಿಸುತ್ತದೆ. ಆಮೇಲೆ ಮುಖದ ತುಂಬ ನಗು ಬರುತ್ತದೆ. ಹೆದ್ದಾರಿಯಲ್ಲಿ ಲಾರಿಗಳು ದೀಪ ಆರಿಸಿವೆ, ಇನ್ನೂ ಎರಡು ಕೊಳ ಬಾಕಿ ಇದೆ. ಬಲೆ ಎತ್ತಿಕೊಂಡು ನಾಲ್ಕು ಹೆಜ್ಜೆ ಹೋದವರು ನಿಂತು ತಿರುಗುತ್ತಾರೆ.

"ಕೋಸು ಯಾರ್ದು ಅಂತ ಬರೀದಿದ್ರೂ ಚಿಂತಿಲ್ಲ ಕಣಮ್ಮ. ಇದನ್ನ ಬರಿ. ಒಂದು ವರ್ಸ ಪಲ್ಯ ತಿನ್ಲಿಲ್ಲ ಅಂತಾನೂ ಬರಿ. ಬರ್ದು, ಉಮಾಶಂಕರ್‌ಗೆ ಒಂದು ಪೇಪರ್ ಕಳ್ಸು."