ಕೋಟೆಯಲ್ಲಿ ನಾಯಿ ಉಂಡದ್ದು

ಹೆಂಡತಿ ತೀರಿಕೊಂಡು ತಿಂಗಳಾಗಿತ್ತು. ಅವಳು ಸಾಕಿದ ನಾಯಿ ಸರಿಯಾಗಿ ತಿನ್ನುತ್ತಿರಲಿಲ್ಲ. ಬೆಳಿಗ್ಗೆ ಏಳಕ್ಕೆ, ರಾತ್ರಿ ಎಂಟಕ್ಕೆ ತಟ್ಟೆ ತೊಳೆದು ಅನ್ನ ಇಡುತ್ತಿದ್ದೆ. ಅರ್ಧ ಗಂಟೆ ಬಿಟ್ಟು ತೆಗೆಯುತ್ತಿದ್ದೆ. ಹೈಸ್ಕೂಲಿನಲ್ಲಿ ಡ್ರಿಲ್ ಮಾಡಿಸಿದ ನನಗೆ ಬೇರೆ ಕ್ರಮ ತಿಳಿಯದು. ಕಾಯಿಲೆ ಏನಿಲ್ಲ ಎಂದು ಡಾಕ್ಟರು ಹೇಳಿದರು. ನಾಯಿಯ ಪಕ್ಕೆಲುಬು ಕಾಣುತ್ತಿತ್ತು. ನನಗೆ ದುಃಖವಾಯಿತು ಎಂದು ಹೇಳಲಾರೆ. ಆ ತಿಂಗಳು ಯಾವುದೂ ನನ್ನನ್ನು ತಾಕುತ್ತಿರಲಿಲ್ಲ.

ಮಲ್ಲಿಪಟ್ಟಣದ ಹತ್ತಿರ ತೋಟ ಮಾಡಿಕೊಂಡಿರುವ ಭಾಮೈದ ನಾಯಿಯನ್ನು ಕರೆದೊಯ್ಯಲು ಒಂದು ಭಾನುವಾರ ಹಾಸನಕ್ಕೆ ಕಾರು ತಂದ. ನಾನು ಒಪ್ಪಿದ್ದೆ.

"ವರ್ಷ ತುಂಬಗಂಟ ನೀವು ದೇವಸ್ಥಾನಕ್ಕಂತೂ ಬರಂಗಿಲ್ಲ. ಕೋಟೆಗಾದ್ರೂ ಓಗಿ ಬರಣ ಬನ್ನಿ ಭಾವ. ಆಮೇಲೆ ಇದನ್ನ ನಮ್ ತ್ವಾಟಕ್ಕೆ ಕರ್ಕೊಂಡೋಯ್ತೀನಿ" ಎಂದ.

ಸಕಲೇಶಪುರದ ಕೋಟೆಯ ಮೆಟ್ಟಿಲುಗಳನ್ನು ನಾಯಿ ನನ್ನ ಜೊತೆಗೇ ಹತ್ತಿತು. ನಾನು ನಿಂತರೆ ನಿಂತಿತು. ಕೋಟೆ ನಕ್ಷತ್ರದ ಆಕಾರದಲ್ಲಿದೆ ಎನ್ನುತ್ತಾರೆ. ಒಳಗೆ ನಿಂತವನಿಗೆ ಕಂಡದ್ದು ಗೋಡೆ, ಮೂಲೆ, ಮತ್ತೆ ಗೋಡೆ.

ಒಂದು ಗಂಟೆಗೆ ಗೋಡೆಯ ನೆರಳಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಮೊದಲು ನಾಯಿಗೆ ಮೊಸರನ್ನ ಹಾಕಿದೆ. ಮೂಸಿ ಮುಖ ತಿರುಗಿಸಿತು.

"ಗಂಟೆ ಒಂದಾಯ್ತು ಅಂತ ಅದಕ್ಕೆ ವಾಚ್ ತೋರ್ಸಿ ಭಾವ" ಎಂದು ಭಾಮೈದ ನಕ್ಕ.

ಉಂಡೆವು. ನೀರಿನ ಬಾಟಲಿ ಕಾರಿನಲ್ಲೇ ಉಳಿದಿತ್ತು. ತರಲು ಅವನು ಕೆಳಗಿಳಿದ. ಎಂಜಲು ಕೈಯಲ್ಲಿ ಏಳಲಾಗದೆ ಕುಳಿತಿದ್ದೆ. ಕೊನೆಯ ತುತ್ತು ಬೇಡವಾಗಿ ಬೆರಳಲ್ಲೇ ಇತ್ತು. ನಾಯಿ ಹತ್ತಿರ ಬಂದು ನನ್ನ ಮೊಣಕಾಲಿಗೆ ಗದ್ದ ಊರಿ ಅದನ್ನು ತಿಂದಿತು. ನಂತರ ತಿರುಗಿ, ತನಗೆ ಹಾಕಿದ್ದನ್ನೆಲ್ಲ ತಿಂದಿತು.

ಮೆಟ್ಟಿಲು ಹತ್ತಿ ಬರುತ್ತಲೇ ಭಾಮೈದ ಇದನ್ನೆಲ್ಲ ನೋಡಿದ್ದ. "ಅಕ್ಕನೂ ಇಂಗೇ ಅಲ್ವಾ ಮಾಡ್ತಿದ್ದುದು? ತಾನು ಉಂಡು, ಕಡೇ ತುತ್ತು ಕೈಯಾರೆ ಕೊಟ್ಮೇಲೇ ಅದು ತಟ್ಟೆ ಮುಟ್ತಿತ್ತು. ನಿಮಗೆ ಗೊತ್ತಿರ್ತದೆ ಅನ್ಕಂಡಿದ್ದೆ."

ಗೊತ್ತಿರಲಿಲ್ಲ. ನಲವತ್ತು ವರ್ಷ ನಾನು ಮೊದಲು ಉಂಡು, ಕೈ ತೊಳೆದು ಹೊರಗೆ ಹೋಗುತ್ತಿದ್ದೆ. ಅವಳು ಆಮೇಲೆ ಕೂರುತ್ತಿದ್ದಳು. ಅವಳು ಉಣ್ಣುವುದನ್ನು ನಾನು ನೋಡಿದ್ದು ಮದುವೆ ಮನೆಗಳಲ್ಲಿ ಮಾತ್ರ.

ಕೆಳಗೆ ಬಂದು ಕಾರು ಹತ್ತಿದಾಗ, ಇಬ್ಬರನ್ನೂ ಹಾಸನಕ್ಕೇ ಬಿಡು ಎಂದೆ.

"ಇಟ್ಕತೀರಾ ಅಂಗಾದ್ರೆ?"

"ತಿನ್ನುತ್ತಲ್ಲ" ಎಂದೆ.

ಅವನು ಹಾಸನದ ಕಡೆ ಕಾರು ತಿರುಗಿಸಿದ. ನಾಯಿ ಹಿಂದಿನ ಸೀಟಿನಲ್ಲಿ ಮಲಗಿತು.