ಚಪ್ಪರದ ಕೆಳಗೆ ನಿಂತ ತಾತ

ಫೆಬ್ರವರಿ ೧೬. ಬೆಳಗ್ಗೆ ಆರು ಇಪ್ಪತ್ತಕ್ಕೆ ಇದನ್ನು ಬರೆಯಲು ಕುಳಿತೆ. ನಿನ್ನೆ ಮಧ್ಯಾಹ್ನ ತೋಟದ ತಾತನ ಮಗಳು ಬಂಗಾರಪೇಟೆಯಿಂದ ಫೋನ್ ಮಾಡಿದ್ದರು. ಮುಂದಿನ ತಿಂಗಳು ತಾತನ ವರ್ಷದ ತಿಥಿ. ಗೋಡೆಗೆ ಹಾಕಲು ಅವರದೊಂದು ಫೋಟೋ ಬೇಕು, ಮನೆಯಲ್ಲಿ ಸರಿಯಾದದ್ದು ಒಂದೂ ಇಲ್ಲ ಎಂದರು. ಹಳೆಯ ಮೆಮೊರಿ ಕಾರ್ಡ್ ಹುಡುಕಲು ಡ್ರೋನಿನ ಪೆಟ್ಟಿಗೆ ತೆರೆದೆ. ಅದರ ರೆಕ್ಕೆಯ ಬುಡದಲ್ಲಿ ಕಂದು ಬಣ್ಣದ ಎಳೆಯೊಂದು ಸುತ್ತಿಕೊಂಡಿತ್ತು. ಹಾಡಿನ ಕ್ಯಾಸೆಟ್ಟಿನ ಟೇಪು, ಬೆರಳುದ್ದ... ಆ ತೋಟಕ್ಕೆ ಹೋಗಿ ಮೂರು ವರ್ಷವಾಗಿತ್ತು.

ಊರಿಗಾಂನ ನಮ್ಮ ಮನೆಯಿಂದ ಆ ತೋಟಕ್ಕೆ ಬೈಕಿನಲ್ಲಿ ಹದಿನೇಳು ಕಿಲೋಮೀಟರ್. ವೈನ್ ತಯಾರಿಸುವವರೊಬ್ಬರು, ತಮ್ಮಲ್ಲಿಗೆ ಬರುವ ಪ್ರವಾಸಿಗರಿಗೆ ತೋರಿಸಲು, ಈ ಸೀಮೆಯ ಹಳೆಯ ದ್ರಾಕ್ಷಿ ತೋಟಗಳ ಚಿತ್ರಗಳನ್ನು ಮೇಲಿನಿಂದ ತೆಗೆದುಕೊಡಲು ನನಗೆ ಹೇಳಿದ್ದರು. ಚಿತ್ರದಲ್ಲಿ ಮನುಷ್ಯರು ಇರಬಾರದು ಎಂಬುದೊಂದೇ ಅವರ ಷರತ್ತು. ನಾನು ನೋಡಿದವುಗಳಲ್ಲಿ ತಾತನ ತೋಟವೇ ಹಳೆಯದು. ಇಲ್ಲಿನ ಚಿನ್ನದ ಗಣಿಯಲ್ಲಿ ಸವೆದು ಹರಾಜಿಗೆ ಬಂದ ಉಕ್ಕಿನ ಹಗ್ಗವನ್ನು ಅವರ ಅಪ್ಪ ತಂದು, ಎಳೆ ಎಳೆಯಾಗಿ ಬಿಚ್ಚಿ, ಕಲ್ಲುಕಂಬಗಳ ಮೇಲೆ ಚಪ್ಪರ ಕಟ್ಟಿದ್ದರಂತೆ. ಆ ತಂತಿಗಳಿಗಿಂತ ಗೇಣು ಮೇಲೆ ತಾತ ಕ್ಯಾಸೆಟ್ಟಿನ ಟೇಪು ಎಳೆದಿದ್ದರು. ಅದು ಗಾಳಿಗೆ ಗುಂಯ್‌ಗುಟ್ಟುತ್ತಿತ್ತು, ಬಿಸಿಲಿಗೆ ಮಿನುಗುತ್ತಿತ್ತು. ಗಿಳಿ, ಮೈನಾಗಳು ಹತ್ತಿರ ಸುಳಿಯುತ್ತಿರಲಿಲ್ಲ. ಐವತ್ತೆಂಟು ಸಾಲು ಎಂದು ನನ್ನ ಡೈರಿಯಲ್ಲಿದೆ.

ಮೊದಲ ದಿನ ಕೆಳಗಿಳಿಯುವಾಗ ಡ್ರೋನು ಆ ಟೇಪಿಗೆ ಸಿಕ್ಕಿ ಚಪ್ಪರದ ಮೇಲೆ ಬಿತ್ತು. ತಾತ ಏಣಿ ಹತ್ತಿ, ಕೋಳಿಮರಿ ಹಿಡಿಯುವಂತೆ ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟರು.

“ಇಷ್ಟ್ ವರ್ಸದಲ್ಲಿ ನನ್ ಟೇಪಿಗೆ ಎದರ್ದೆ ಬಂದಿದ್ದು ಇದೊಂದೇ ಕಣ್ಲಾ,” ಎಂದರು.

ಮರುದಿನ ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಐವತ್ತೆಂಟು ಸಾಲನ್ನೂ ಬಿಚ್ಚಿ ಸುತ್ತಿಟ್ಟಿದ್ದರು. ನಾನು ಕೇಳಿರಲಿಲ್ಲ. ಕೊಯ್ಲಿಗೆ ಇನ್ನು ಐದೇ ದಿನ. ಹಕ್ಕಿಗಳು ಬಂದರೆ ಏನು ಮಾಡುತ್ತೀರಿ ಎಂದು ಕೇಳಿದೆ.

“ತಿನ್ಲಿ ಬಿಡ್ಲಾ. ನಿನ್ ಮಿಸನ್ ಮುರುದ್ರೆ ನಿಮ್ಮಪ್ಪ ಕೊಡ್ಸ್ತಾನಾ?”

ಹಕ್ಕಿಗಳು ಬಂದವು. ಮೂರನೆಯ ದಿನ ನಾನು ಎಣಿಸಿದಾಗ ಕುಕ್ಕಿ ಹಾಳಾದ ಗೊಂಚಲುಗಳು ನಲವತ್ತೊಂದು. ಅವರು ಆ ಮಾತನ್ನೇ ಎತ್ತಲಿಲ್ಲ.

ಡ್ರೋನು ಮೇಲೇಳುವ ಸದ್ದು ಕೇಳಿದರೆ ಸಾಕು, ತಾತ ಎಲ್ಲಿದ್ದರೂ ಬಗ್ಗಿಕೊಂಡು ಚಪ್ಪರದ ಕೆಳಗೆ ಅದೇ ಒಂದು ಕಂಬದ ಬಳಿ ಸೇರುತ್ತಿದ್ದರು. ಹೆದರಿಕೆಯಿರಬೇಕು ಎಂದುಕೊಂಡಿದ್ದೆ. ನಾಲ್ಕನೆಯ ದಿನ, ಅದೇ ಕೊನೆಯ ದಿನ, ಕೇಳಿಯೇಬಿಟ್ಟೆ.

“ಎದ್ರಿಕೆ ಏನ್ ಬಂತು? ನೀನ್ ತೆಗೀತಿರೋದು ತೋಟದ್ ಫೋಟೋ. ನಡ್ವೆ ನನ್ ಬೋಡುತಲೆ ಯಾಕೆ?” ಎಂದು ತಲೆ ಸವರಿಕೊಂಡರು. “ಆದ್ರೂ ಮ್ಯಾಲಿಂದ ತೆಗುದ್ರೆ ಏನ್ ಬತ್ತದೋ ಕಾಣೆ. ಗೊಂಚ್ಲೆಲ್ಲಾ ಕೆಳಗವೆ.”

ಅವರು ಹೇಳಿದ್ದು ನಿಜ. ಬಂದದ್ದು ಎಲೆ ಮಾತ್ರ, ಚೆನ್ನಾಗಿಯೇ ಬಂದಿತ್ತು. ಆ ದಿನದ ಡೈರಿ ಹೀಗಿದೆ: “ಒಟ್ಟು ಹಾರಾಟ ಹತ್ತೊಂಬತ್ತು. ಫೋಟೋ ಇನ್ನೂರ ಹದಿನಾಲ್ಕು. ಒಂದರಲ್ಲೂ ಮನುಷ್ಯರಿಲ್ಲ. ಒಳ್ಳೆಯದಾಯಿತು.”

ಮತ್ತೆ ಬರುತ್ತೇನೆ ಎಂದು ಹೇಳಿ ಬಂದಿದ್ದೆ. ಡೈರಿಯಲ್ಲಿ ಮೂರು ಕಡೆ ‘ತಾತನ ತೋಟ’ ಎಂದು ಬರೆದು ಹೊಡೆದುಹಾಕಿದ್ದೇನೆ... ಅವರು ಹೋದ ಸುದ್ದಿ ನನಗೆ ತಿಳಿದದ್ದೇ ನಿನ್ನೆ. ಬಳ್ಳಿಗಳನ್ನೂ ಕಿತ್ತಿದ್ದಾರಂತೆ. ಕಂಬಗಳು ಮಾತ್ರ ನಿಂತಿವೆ.

ನಿನ್ನೆ ಸಂಜೆಯವರೆಗೆ ಇನ್ನೂರ ಹದಿನಾಲ್ಕನ್ನೂ ದೊಡ್ಡದು ಮಾಡಿ ನೋಡಿದೆ. ಒಂದರಲ್ಲಿ ಬಾವಿಯ ಕಟ್ಟೆಯ ಮೇಲೆ ಅವರ ಚಪ್ಪಲಿ ಇದೆ. ಅವರಿಲ್ಲ. ಫೋನ್ ಮಾಡಿ ಹೇಳಿದೆ.

“ಆಧಾರ್ ಕಾರ್ಡಲ್ಲಿರೋದ್ನೇ ದೊಡ್ಡದು ಮಾಡ್ಸಿದ್ವಿ ತಮ್ಮಾ,” ಎಂದರು ಮಗಳು. “ಯಾರೋ ಕಳ್ಳನ್ ಇಡ್ದು ನಿಲ್ಸ್‌ದಂಗೈತೆ. ನಮ್ಮಪ್ಪ ಅಲ್ವೇ ಅಲ್ಲ.” ಆಮೇಲೆ ಕೇಳಿದರು: “ಫೋಟೋ ತೆಗೀವಾಗ ಎಲ್ಲಿ ನಿಂತಿದ್ರು ಅಂತನಾದ್ರೂ ಗೊತ್ತೇನಪ್ಪಾ?”

ಗೊತ್ತಿತ್ತು. ಏಳನೆಯ ಸಾಲು, ಬಾವಿಯ ಕಡೆಯಿಂದ ನಾಲ್ಕನೆಯ ಕಂಬ. ಕೊನೆಯ ದಿನದ ಫೋಟೋ ಒಂದರಲ್ಲಿ ಆ ಎಲೆಗಳ ಮೇಲೆ ಸಣ್ಣ ಸುತ್ತು ಹಾಕಿ ಕಳುಹಿಸಿದೆ. ಬೇರೆಯದು ಸಿಗುವವರೆಗೆ ಅದಕ್ಕೇ ಚೌಕಟ್ಟು ಹಾಕಿಸುತ್ತಾರಂತೆ.

ಬಂಗಾರಪೇಟೆ ರಸ್ತೆಯ ಬದಿಯಲ್ಲಿ ತಾತನ ಬುಟ್ಟಿಯಿಂದ ಕಪ್ಪು ದ್ರಾಕ್ಷಿ ಕೊಂಡವರು, ಅಲ್ಲೇ ನಿಂತು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡವರು ಇದನ್ನು ಓದುತ್ತಿದ್ದರೆ, ಆ ಹಳೆಯ ಫೋಟೋಗಳನ್ನೊಮ್ಮೆ ತೆರೆದು ನೋಡಿ. ಕೂದಲಿಲ್ಲದ ತಲೆ, ಎಡಹುಬ್ಬಿನ ಮೇಲೆ ಹಳೆಯ ಗಾಯದ ಗೆರೆ, ಹೆಗಲಿಗೆ ಹಸಿರು ಟವೆಲು. ಮೂಲೆಯಲ್ಲಿ ಅರ್ಧ ಮುಖ ಬಿದ್ದಿದ್ದರೂ ಸಾಕು, ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ತಿಥಿ ಮಾರ್ಚ್ ಇಪ್ಪತ್ತಕ್ಕೆ. ಅದು ಕಳೆದ ಮೇಲೆ ಸಿಕ್ಕರೂ ಬರೆಯಿರಿ.