ಹೊಗೆಯಲ್ಲಿ ಇಳಿದ ಹುಳಗಳು

ಎರಡನೆಯ ಮಹಾಯುದ್ಧ ಶುರುವಾದ ಮೇಲಿನ ಮೊದಲ ಬೇಸಿಗೆ. ಬಿಳಿಚೋಡಿನ ನಮ್ಮ ಮನೆಯ ಹಿತ್ತಲ ಬಾಗಿಲಲ್ಲಿ, ಹೊಸ್ತಿಲಿನ ಒಳಗಡೆ, ಬಲಗೈಯನ್ನು ಚೌಕಟ್ಟಿಗೆ ಆನಿಸಿ ನಾನು ನಿಂತಿದ್ದೆ. ಹೊತ್ತು ಆಗಷ್ಟೇ ಏರಿತ್ತು. ಇಷ್ಟು ಕಟ್ಟುನಿಟ್ಟಾಗಿ ಹೇಳುವುದಕ್ಕೆ ಕಾರಣವಿದೆ: ಮುಂದೆ ಹೇಳುವುದನ್ನು ನೀವು ಸುಲಭವಾಗಿ ನಂಬಲಾರಿರಿ. ಇಷ್ಟು ವರ್ಷಗಳ ಮೇಲೆ, ಹೋದ ತಿಂಗಳು, ಪಕ್ಕದ ಮನೆಯವರು ಕಸಕ್ಕೆ ಬೆಂಕಿ ಹಾಕಿದರು. ಅದರಲ್ಲಿ ನೆಲಗುಳ್ಳದ ಗಿಡವೂ ಸೇರಿತ್ತೋ ಏನೋ, ಆ ಕಮಟು ಹೊಗೆ ಕಿಟಕಿಯಿಂದ ಒಳಗೆ ಬಂತು. ಎದ್ದು ಕಿಟಕಿ ಮುಚ್ಚಿದೆ. ಕೂತು ಇದನ್ನು ಬರೆಯತೊಡಗಿದೆ.

ನಮ್ಮದು ಗಟ್ಟಿ ಹಲ್ಲುಗಳಿಗೆ ಹೆಸರಾದ ಮನೆ. ಅಂದರೆ ನಮ್ಮಪ್ಪನ ಹಲ್ಲಿಗೆ. ಬೆಳಗಾದರೆ ಅವರು ಜಗಲಿಯ ಮೇಲೆ ಕೂತು, ಬೇವಿನ ಕಡ್ಡಿಯ ತುದಿಯನ್ನು ಜಗಿದು ಕುಂಚ ಮಾಡಿಕೊಂಡು, ಕುರಿಗಳ ಬೇನೆ, ಮಳೆಯ ಸೂಚನೆ, ಜರ್ಮನಿಯವರ ಮುಂದಿನ ಹೆಜ್ಜೆ ಎಲ್ಲವನ್ನೂ ದಾರಿಹೋಕರ ಜೊತೆ ಇತ್ಯರ್ಥ ಮಾಡುತ್ತ ಉಜ್ಜುವರು. ಉಗುಳಿದ್ದು ಬೀದಿ ದಾಟಿ ಬೀಳಬೇಕು. ಪಕ್ಕದಲ್ಲಿ ಅಣ್ಣ, ಅವನ ಪಕ್ಕದಲ್ಲಿ ನಾನು. ಹಲ್ಲು ಹುಳುಕಾಗದಂತೆ ಕಾಪಾಡುವ ವಿದ್ಯೆ ತಿಳಿಯದ ಮನೆ ನಮ್ಮದಲ್ಲ, ಸ್ವಾಮಿ. ಅದು ಗಂಡಸರ ವಿದ್ಯೆಯಾಗಿತ್ತು, ಅಷ್ಟೇ. ಸೊಸೆಯಾದವಳು ಹಿರಿಯರೆದುರು ಬಾಯಿ ತೆರೆದು ಕಡ್ಡಿ ಆಡಿಸುವುದುಂಟೇ? ಅಣ್ಣನ ಹೆಂಡತಿ, ನಮ್ಮ ಅತ್ತಿಗೆ ಗೌರಮ್ಮ, ನೀರು ಸೇದುವುದಕ್ಕೂ ಒಲೆ ಹಚ್ಚುವುದಕ್ಕೂ ನಡುವೆ ಬೂದಿಯಲ್ಲಿ ಬೆರಳದ್ದಿ ಹಲ್ಲಿನ ಮೇಲೆ ಒಂದು ಸಾರಿ ಎಳೆದುಕೊಂಡರೆ ಮುಗಿಯಿತು. ರಾತ್ರಿ ಎಲ್ಲರೂ ಉಂಡು ಮಲಗಿದ ಮೇಲೆ ಅವರ ಊಟ. ಬಾಯಿ ಮುಕ್ಕಳಿಸುವ ಮೊದಲೇ ನಿದ್ದೆ.

ಇಷ್ಟೆಲ್ಲ ವಿದ್ಯೆಯಿದ್ದ ಮನೆಯಲ್ಲಿ ಹಲ್ಲು ನೋವು ಬಂದದ್ದು ಅತ್ತಿಗೆಗೆ. ಅಪ್ಪನ ತಾಯಿ, ನಮ್ಮಜ್ಜಿ, ತನ್ನ ನಶ್ಯದ ಡಬ್ಬಿ ಕೊಟ್ಟಳು. "ಒಸಡಿಗೆ ತಿಕ್ಕು, ಜೋಮು ಹಿಡೀತೈತೆ." ಜೋಮು ಹಿಡಿಯಿತು. ಹುಳುಕು ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿತ್ತು. ಕಾಮನ ಹುಣ್ಣಿಮೆ ಕಳೆಯುವಷ್ಟರಲ್ಲಿ ಎಡಗೆನ್ನೆ ಊದಿ, ಊತ ದವಡೆಯಿಂದ ಗಂಟಲಿಗಿಳಿಯಿತು. ಬಾಯಿ ಬೆರಳು ತೂರುವಷ್ಟು ಮಾತ್ರ ತೆರೆಯುತ್ತಿತ್ತು. ಎಂಜಲು ನುಂಗಲಾರದೆ ಸೆರಗಿನಿಂದ ಒರೆಸಿಕೊಳ್ಳುತ್ತಿದ್ದರು.

"ಜಗಳೂರು ಆಸ್ಪತ್ರೆಗೆ ಕರ್ಕಂಡು ಹೋಗ್ಲಾ ಅಪ್ಪಾ?" ಎಂದ ಅಣ್ಣ.

"ಒಂದು ಹಲ್ಲಿಗೆ ಗಾಡಿ ಕಟ್ಟಾಕೆ ನಮಗೇನು ಬುದ್ಧಿ ಕೆಟ್ಟೈತಾ?" ಎಂದರು ಅಪ್ಪ. "ಹುಳ ಸೇರ್ಕಂಡೈತೆ. ಇಳಿಸಿದ್ರಾತು."

"ತವರಿಂದ ಬೇರೇನೂ ತರಲಿಲ್ಲ, ಹುಳ ತಂದ್ಲು ನೋಡು," ಎಂದಳು ಅಜ್ಜಿ.

ಹುಳ ಇಳಿಸುವುದರಲ್ಲೂ ಅಪ್ಪ ನಿಪುಣರು. ಹಿತ್ತಲಿನಲ್ಲಿ, ನಾನು ನಿಂತಿದ್ದ ಹೊಸ್ತಿಲಿನ ಎದುರಿಗೇ, ಒಂದು ತಟ್ಟೆಗೆ ನೀರು ಹಾಕಿ, ನಡುವೆ ಕಲ್ಲಿನ ಮೇಲೆ ಕೆಂಪಗೆ ಕಾದ ಕಬ್ಬಿಣದ ತುಂಡನ್ನಿಟ್ಟರು. ಅದರ ಮೇಲೆ ಎಣ್ಣೆ ಸವರಿದ ನೆಲಗುಳ್ಳದ ಬೀಜ ಉದುರಿಸಿ, ತೂತು ಕೊರೆದ ಕುಡಿಕೆಯನ್ನು ಕವುಚಿದರು. ತೂತಿಗೆ ಪರಂಗಿ ಎಲೆಯ ಟೊಳ್ಳು ದಂಟು ಸಿಕ್ಕಿಸಿ, ಅದರ ಮೇಲ್ತುದಿಯನ್ನು ಅತ್ತಿಗೆಯ ಬಾಯಿಗಿಟ್ಟರು. ಹೊಗೆ ಮೇಲೇರಿತು. ಅತ್ತಿಗೆ ಕೆಮ್ಮಿದರು, ಕೆಮ್ಮಲೂ ಬಾಯಿ ತೆರೆಯಲಾಗದೆ ಮೈಯೆಲ್ಲ ಅದುರಿತು. ಕುಡಿಕೆ ಎತ್ತಿದಾಗ ನೀರಿನಲ್ಲಿ ಸಣ್ಣ ಬಿಳಿಯ ಎಳೆಗಳು ತೇಲುತ್ತಿದ್ದವು. ಬಾಯಿಂದ ದಂಟಿಗಿಳಿದು, ಹೊಗೆಯನ್ನು ಹಾದು, ಕಾದ ಕಬ್ಬಿಣವನ್ನು ದಾಟಿ ಬಂದ ಶೂರ ಹುಳಗಳು.

"ನೋಡ್ರಿ, ಹೆಂಗೆ ಅದಾವೆ!" ಎಂದರು ಅಪ್ಪ. ಅತ್ತಿಗೆ ಒಮ್ಮೆ ನೋಡಿ ಕಣ್ಣು ಮುಚ್ಚಿಕೊಂಡರು. ನೋವಿಗಿಂತ ನಾಚಿಕೆ ಹೆಚ್ಚಾಗಿದ್ದ ಮುಖ ಅದು, ನಾನು ಕಂಡಿದ್ದೇನೆ.

ಅಲ್ಲಿಗೇ ಮುಗಿದಿದ್ದರೆ ಅವರು ಉಳಿಯುತ್ತಿರಲಿಲ್ಲವೇನೋ. ಆದರೆ ಮನೆಯವರೆಲ್ಲರ ಕಣ್ಣು ಸೊಸೆಯ ಮೇಲಿರುವುದನ್ನು ಅಜ್ಜಿ ಎಷ್ಟು ಹೊತ್ತು ಸಹಿಸಿಯಾಳು?

"ನಂಗೂ ಒಂದೀಟು ಹೊಗೆ ಹಿಡಿಯೋ. ಮೊನ್ನೆಯಿಂದ ಒಸಡು ಜುಮ್ ಅಂತೈತೆ."

"ನಿಂಗೆ ಹಲ್ಲೇ ಇಲ್ವಲ್ಲವ್ವಾ."

"ಸೊಸೆಗೆ ಮಾಡಾಕೆ ಹೊತ್ತೈತೆ, ಹೆತ್ತೋಳಿಗೆ ಮಾಡಾಕೆ ಇಲ್ಲೇನು?"

ಅಪ್ಪ ನೀರು ಚೆಲ್ಲಿ ಹೊಸ ನೀರು ಹಾಕಿದರು. ಕಬ್ಬಿಣ ಮತ್ತೆ ಕಾಯಿತು, ಬೀಜ ಮತ್ತೆ ಉದುರಿತು. ಅಜ್ಜಿ ದಂಟಿಗೆ ಬಾಯಿ ಕೊಟ್ಟು ಗಂಭೀರವಾಗಿ ಕೂತಳು. ಕುಡಿಕೆ ಎತ್ತಿದರೆ ಅಲ್ಲೂ ಹುಳ. ಅತ್ತಿಗೆಯವಕ್ಕಿಂತ ಹೆಚ್ಚೇ.

ಅಪ್ಪನೂ ಅಣ್ಣನೂ ತಟ್ಟೆಯ ಮೇಲೆ ಬಗ್ಗಿದರು. ಆಮೇಲೆ ಅಪ್ಪ ನಿಧಾನವಾಗಿ ಹೇಳಿದರು: "ಹಲ್ಲು ಬಿದ್ರೂ ಜಾಗ ಬಿಟ್ಟಿಲ್ಲ ನೋಡು ಇವು." ಅಜ್ಜಿ ಹೆಮ್ಮೆಯಿಂದ ತಲೆದೂಗಿದಳು. ಅಣ್ಣನೂ ತಲೆದೂಗಿದ. ನಾನು ತಟ್ಟೆಯನ್ನೇ ನೋಡುತ್ತಿದ್ದೆ. ಕಬ್ಬಿಣದ ಅಂಚಿನಲ್ಲಿ ಒಂದು ಬೀಜ ಕಾವಿಗೆ ಬಿರಿದಿತ್ತು. ಅದರ ಸಿಪ್ಪೆಯಿಂದ ಒಂದು ಹುಳ ಅರ್ಧ ಹೊರಗೆ ಬಂದು ಅಲ್ಲೇ ನಿಂತಿತ್ತು.

ಅದನ್ನು ಅತ್ತಿಗೆಯೂ ಕಂಡರು. ಮದುವೆಯಾಗಿ ಬಂದಾಗಿನಿಂದ ಅಪ್ಪನೆದುರು ದನಿ ಎತ್ತದವರು ಎದ್ದು, ತಟ್ಟೆಯನ್ನು ಎತ್ತಿ ಅಪ್ಪನ ಮುಂದಿಟ್ಟರು. ಕಚ್ಚಿಕೊಂಡ ಹಲ್ಲುಗಳ ಸಂದಿಯಿಂದ ಒಂದೊಂದೇ ಮಾತು ಬಂತು.

"ಮಾವಾರೆ, ಅಜ್ಜಿ ಬಾಯಾಗೆ ಯಾವ ಹಲ್ಲು ಕೊರೀತಿದ್ವು ಇವು? ಹುಳ ಬೀಜದ್ದು. ನೋವು ನಂದು. ಗಾಡಿ ಕಟ್ಟಿಸ್ರಿ. ಇಲ್ದಿದ್ರೆ ನಡ್ಕಂಡು ಹೋಗ್ತೀನಿ."

ನನ್ನನ್ನು ಸರಿಸಿ, ಒಳಗಿನಿಂದ ಹಾದು, ಬೀದಿಗೆ ಇಳಿದೇಬಿಟ್ಟರು. ಆಗ ಅಣ್ಣನಿಗೆ ಎತ್ತುಗಳ ನೆನಪಾಯಿತು.

ಜಗಳೂರಿನ ಡಾಕ್ಟರು ಹಲ್ಲು ಕಿತ್ತು ಕೀವು ತೆಗೆದರು. ಇನ್ನೊಂದು ದಿನ ತಡವಾಗಿದ್ದರೆ ಊತ ಉಸಿರನ್ನೇ ಕಟ್ಟಿಸುತ್ತಿತ್ತಂತೆ. "ನಿಮ್ಮ ಮನೇಲಿ ಹಲ್ಲುಜ್ಜೋ ಅಭ್ಯಾಸ ಇಲ್ವೇನ್ರಿ?" ಎಂದು ಅಣ್ಣನನ್ನು ಕೇಳಿದರಂತೆ. ಬೀದಿಗೆಲ್ಲ ಬೇವಿನ ಮಹಿಮೆ ಸಾರಿದ ಮನೆತನದ ಹಿರಿಯ ಮಗ ಎತ್ತುಗಳಿಗೆ ನೀರು ಕುಡಿಸಲು ಹೊರಗೆ ಹೋದ.

ಗಾಯ ಮಾಗಿದ ಮೇಲೆ ಒಂದು ಬೆಳಿಗ್ಗೆ ಅತ್ತಿಗೆ ಬೇವಿನ ಕಡ್ಡಿ ಹಿಡಿದು ಬಂದು ಜಗಲಿಯ ಕೊನೆಯಲ್ಲಿ ಕೂತರು. ಅಪ್ಪ ನೋಡಲಿಲ್ಲ. ನೋಡದೆ ಇರುವುದಕ್ಕೆ ಅವರು ಪಟ್ಟ ಶ್ರಮವನ್ನು ನಾನು ನೋಡಿದೆ. ಉಗುಳಿದ್ದು ಅವತ್ತು ಬೀದಿ ದಾಟಲಿಲ್ಲ. ಹಾಗೆಂದು ಅವರು ಹುಳ ಇಳಿಸುವುದನ್ನೇನೂ ಬಿಡಲಿಲ್ಲ. ಊರವರು ಕೊನೆಯವರೆಗೂ ಬರುತ್ತಿದ್ದರು, ತಮ್ಮ ತಮ್ಮ ಹುಳಗಳನ್ನು ಕಂಡು ತೃಪ್ತರಾಗಿ ಹೋಗುತ್ತಿದ್ದರು.

ಆ ಹಿತ್ತಲಿನಲ್ಲಿದ್ದವರಲ್ಲಿ ಅಜ್ಜಿ ಇಲ್ಲ, ಅಪ್ಪ ಇಲ್ಲ, ಅಣ್ಣನೂ ಇಲ್ಲ. ಮೊನ್ನೆ ಬಿಳಿಚೋಡಿಗೆ ಹೋಗಿ ಇದನ್ನು ಅತ್ತಿಗೆಗೆ ಓದಿ ಹೇಳಿದೆ. ಕೇಳಿ ಅವರು ಅಂದರು:

"ಎಲ್ಲ ನೆಟ್ಟಗೆ ಬರ್ದೀಯ ಕಣಪ್ಪ. ಆದ್ರೆ ಹುಳ ನನ್ನವಲ್ಲ ಅಂತ ನೀನು ಒಂದು ಕಡೇನೂ ಬಾಯಿಬಿಟ್ಟು ಹೇಳಿಲ್ಲ. ಊರಾಗೆ ಇನ್ನೂ ಗೌರಮ್ಮನ ಹುಳ ಅಂತಾರೆ."

ಹೇಳುತ್ತಿದ್ದೇನೆ. ಅವು ನಮ್ಮ ಅತ್ತಿಗೆಯ ಹುಳಗಳಲ್ಲ. ತವರಿಂದ ತಂದವೂ ಅಲ್ಲ. ನೋಡಿದವರು ಇಬ್ಬರು ಉಳಿದಿದ್ದೇವೆ: ನಾನು, ಮತ್ತು ಗೌರಮ್ಮ.